ಚನ್ನರಾಯಪಟ್ಟಣದ ಬೋರ್ಡಿಲ್ಲದ ಗ್ಯಾರೇಜು: ಸ್ಪ್ಲೆಂಡರ್ ಟೈಮಿಂಗ್ ಚೈನ್ ಸದ್ದಿಗೆ ಇಲ್ಲಿಗೇ ಹೋಗಿ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ ಎಡಗಡೆ ಒಂದು ಶೀಟಿನ ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ಬಾಗೂರು, ನುಗ್ಗೇಹಳ್ಳಿ, ಹಿರೀಸಾವೆ ಕಡೆಯ ಹಳೇ ಗಿರಾಕಿಗಳಿಗೆ ಅದರ ಅಗತ್ಯವೂ ಇಲ್ಲ. ನಾನು ಬರೆಯುತ್ತಿರುವುದು ಉಳಿದವರಿಗೆ. ಅದರಲ್ಲೂ ಇಂಜಿನ್ ಒಳಗಿಂದ ಗರಗರ ಸದ್ದು ಬರುತ್ತಿದೆ, ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಹೇಳುತ್ತಿದ್ದಾರೆ, ಯಾರ ಮಾತು ಕೇಳೋದು ಅಂತ ತಲೆ ಕೆಡಿಸಿಕೊಂಡವರಿಗೆ.

ನನ್ನ ಕೆಲಸ ಹಳ್ಳಿ ಹಳ್ಳಿ ಸುತ್ತಿ ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಬೈಕಿನ ಹಿಂದೆ ವೀರ್ಯ ಕೆಡದಂತೆ ಇಡುವ ನೈಟ್ರೋಜನ್ ಕ್ಯಾನ್ ಕಟ್ಟಿಕೊಂಡು ಬೆಳಗ್ಗೆಯೇ ಹೊರಡುತ್ತೇನೆ. ಈ ಕೆಲಸದಲ್ಲಿ ಹೊತ್ತು ಮುಖ್ಯ. ಬೆಳಗ್ಗೆ ಹಸು ಬೆದೆಗೆ ಬಂದಿದೆ ಅಂತ ಫೋನ್ ಬಂದರೆ ಸಂಜೆಯೊಳಗೆ ಹೋಗಬೇಕು, ಸಂಜೆ ಬಂದರೆ ಮಾರನೇ ದಿನ ಬೆಳಗ್ಗೆ. ತಪ್ಪಿದರೆ ಆ ರೈತ ಮತ್ತೆ 21 ದಿನ ಕಾಯಬೇಕು. ಅಷ್ಟೂ ದಿನದ ಮೇವು, ಹಿಂಡಿ ಎಲ್ಲ ಅವನ ಕೈಯಿಂದಲೇ. ಹಾಗಾಗಿ ನನ್ನ ಬೈಕ್ ದಾರಿಯಲ್ಲಿ ನಿಂತರೆ ಅದು ನನ್ನೊಬ್ಬನ ತೊಂದರೆ ಅಲ್ಲ.

ಬೈಕ್ ಹಳೆಯ ಸ್ಪ್ಲೆಂಡರ್, 97.2 ಸಿಸಿ. ತುಂಬಾ ಓಡಿದೆ. ಕೆಲವು ತಿಂಗಳಿಂದ ಇಂಜಿನ್ ಎಡಗಡೆಯಿಂದ ಒಂದು ಸದ್ದು ಶುರುವಾಗಿತ್ತು, ತಗಡಿನ ಡಬ್ಬದಲ್ಲಿ ಹುರುಳಿಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಬೆಳಗ್ಗೆ ಮೊದಲ ಕಿಕ್ ಹೊಡೆದಾಗ ಜೋರಾಗಿ ಕೇಳಿಸುತ್ತಿತ್ತು. ಆಮೇಲೆ ಸ್ವಲ್ಪ ಕಡಿಮೆ. 40ರ ಸ್ಪೀಡಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಗರಗರ. ಪಿಕಪ್ ಏನೂ ಬಿದ್ದಿರಲಿಲ್ಲ, ಮೈಲೇಜೂ ಸರಿಯಾಗಿಯೇ ಇತ್ತು. ಆದರೂ ದಿನವಿಡೀ ಅದೇ ಬೈಕ್ ಮೇಲಿರುವವನಿಗೆ ಸದ್ದು ಬದಲಾದರೆ ಗೊತ್ತಾಗುತ್ತದೆ ಅಲ್ವಾ?

ಮೊದಲು ತೋರಿಸಿದ ಕಡೆ ಆಯಿಲ್ ಬದಲಿಸಿದರು. ಸದ್ದು ಹೋಗಲಿಲ್ಲ. ಇನ್ನೊಂದು ಕಡೆ ಟ್ಯಾಪೆಟ್ ಸೌಂಡ್, ಅಂದರೆ ವಾಲ್ವ್ ಒತ್ತುವ ಭಾಗದ ಸಂದಿನ ಸದ್ದು ಅಂದರು. ಮುಚ್ಚಳ ಬಿಚ್ಚಿ ಬಿಗಿ ಮಾಡಿ ಕಳಿಸಿದರು. ಅಲ್ಲಿಂದ ಬಂದ ಮೇಲೆ ಬೆಳಗ್ಗೆ ಸ್ಟಾರ್ಟ್ ಆಗುವುದೇ ಕಷ್ಟವಾಯಿತು, ಸದ್ದು ಮಾತ್ರ ಹಾಗೇ ಉಳಿಯಿತು. ಮೂರನೆಯವರು ಇಂಜಿನ್ ಬಿಚ್ಚದೆಯೇ ಬೋರ್ (ಸಿಲಿಂಡರ್ ಒಳಗೋಡೆ) ಸವೆದುಹೋಗಿದೆ, ಪಿಸ್ಟನ್ ಸಮೇತ ಕೆಲಸ ಮಾಡಿಸಬೇಕು ಅಂತ ದೊಡ್ಡ ಮೊತ್ತ ಹೇಳಿದರು. ಆ ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದಾಗ ಬಾಗೂರಿನ ಡೈರಿಯ ಸೆಕ್ರೆಟರಿ ಈ ಗ್ಯಾರೇಜಿನ ದಾರಿ ಹೇಳಿದರು.

ಹೋದ ಕೂಡಲೇ ಕೆಲಸ ಶುರುವಾಗುತ್ತದೆ ಅಂದುಕೊಂಡು ಹೋಗಬೇಡಿ. ನಾನು ಮಧ್ಯಾಹ್ನ ಹೋಗಿದ್ದೆ. ಮೇಸ್ತ್ರಿ ಇಂಜಿನ್ ಮೇಲೆ ಕೈ ಇಟ್ಟು ನೋಡಿ, "ಡಾಕ್ಟ್ರೇ, ಬಿಸಿ ಇಂಜಿನ್‌ನಲ್ಲಿ ನಾನು ಏನೂ ಹೇಳಲ್ಲ. ರಾತ್ರಿ ಇಲ್ಲೇ ಬಿಟ್ಟು ಹೋಗಿ, ಬೆಳಗ್ಗೆ ಬನ್ನಿ" ಅಂದರು. (ನಾನು ಡಾಕ್ಟರ್ ಅಲ್ಲ. ನಮ್ಮ ಕಡೆ ಹಸು ನೋಡುವವರನ್ನೆಲ್ಲ ಹಾಗೇ ಕರೆಯುತ್ತಾರೆ.) ಕೆಲಸಕ್ಕೆ ಅಣ್ಣನ ಬೈಕ್ ಇಸ್ಕೊಂಡೆ. ಬೈಕ್ ಬಿಟ್ಟು ಹೋಗಲು ಸಿದ್ಧ ಇಲ್ಲದವರಿಗೆ ಈ ಗ್ಯಾರೇಜ್ ಸರಿಬರುವುದಿಲ್ಲ, ಇದು ಮೊದಲೇ ಗೊತ್ತಿರಲಿ.

ಮಾರನೇ ದಿನ ಬೆಳಗ್ಗೆ ನಾನು ಹೋಗುವವರೆಗೂ ಯಾರಿಗೂ ಕಿಕ್ ಮುಟ್ಟಲು ಬಿಟ್ಟಿರಲಿಲ್ಲ. ಮೊದಲು ಆಯಿಲ್ ಕಡ್ಡಿ ತೆಗೆದು ಒರೆಸಿ, ತಿರುಪದೆ ಸುಮ್ನೆ ಇಳಿಸಿ ನೋಡಿದರು. ತಿರುಪಿ ನೋಡಿದರೆ ಮಟ್ಟ ತಪ್ಪು ತೋರಿಸುತ್ತದಂತೆ. ಆಯಿಲ್ ಸರಿಯಾಗಿತ್ತು. ಆಮೇಲೆ ತಾವೇ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ, ಸುಮ್ನೆ ನಿಂತು ಕೇಳಿಸಿಕೊಂಡರು. ಕ್ಲಚ್ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಸದ್ದು ಬದಲಾಗಲಿಲ್ಲ. "ಕ್ಲಚ್ ಕಡೇದಲ್ಲ" ಅಂದರು.

ಆಮೇಲೆ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡರು. ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ, ತುದಿಯನ್ನು ಇಂಜಿನ್ ಮೇಲೆ ಒಂದೊಂದೇ ಜಾಗಕ್ಕೆ ಇಟ್ಟು ಕೇಳಿದರು. ಹೆಡ್ (ಸಿಲಿಂಡರಿನ ತಲೆ) ಮೇಲಿನ ಟ್ಯಾಪೆಟ್ ಮುಚ್ಚಳ, ಕೆಳಗಿನ ಮುಚ್ಚಳ, ಎಡಗಡೆ ಹೆಡ್ಡಿನಲ್ಲಿರುವ ದುಂಡನೆಯ ಮುಚ್ಚಳ, ಸಿಲಿಂಡರ್ ನಡುವೆ, ಕೊನೆಗೆ ಇಂಜಿನ್ ತಳದಲ್ಲಿ. ನನ್ನ ಕೈಗೂ ಕೊಟ್ಟರು. ಬಲಗಡೆ ಬರೀ ಗುಂಯ್ ಅನ್ನುವ ಓಟದ ಸದ್ದು. ಎಡಗಡೆ ಸಿಲಿಂಡರ್ ನಡುವೆ ಇಟ್ಟರೆ ಒಳಗೆ ಏನೋ ಗೋಡೆಗೆ ಬಡಿಯುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಓಡುವ ಭಾಗಕ್ಕೆ, ಬಿಸಿ ಸೈಲೆನ್ಸರ್‌ಗೆ ಕೈ ತಾಗದ ಹಾಗೆ ನೋಡಿಕೊಂಡರೆ ಸಾಕು.

ಕೇಳುತ್ತಲೇ ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಟ್ಯಾಪೆಟ್ ಸದ್ದು ಟಿಕ್ ಟಿಕ್ ಅಂತ ಒಂದೇ ಲಯದಲ್ಲಿ ಹೆಡ್ಡಿನಿಂದ ಬರುತ್ತದೆ. ಪಿಸ್ಟನ್ ಸಡಿಲವಾಗಿದ್ದರೆ ತಣ್ಣಗಿದ್ದಾಗ ಬಡಿದು, ಇಂಜಿನ್ ಬಿಸಿಯಾಗುತ್ತಾ ಕಡಿಮೆಯಾಗುತ್ತದೆ. ಕನೆಕ್ಟಿಂಗ್ ರಾಡ್ ಹೋಗಿದ್ದರೆ ಏರು ಹತ್ತುವಾಗ, ಎಳೆತ ಬಿದ್ದಾಗ, ಕೆಳಗಿಂದ ದಪ್ಪಗೆ ಟಕ್ ಟಕ್ ಅನ್ನುತ್ತದೆ. ಟೈಮಿಂಗ್ ಚೈನ್ ಸದ್ದಿಗೆ ಆ ಥರ ಲಯ ಇಲ್ಲ, ಒಂದಕ್ಕೊಂದು ಸೇರಿಕೊಂಡು ಗರಗರ ಅನ್ನುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಏಳುತ್ತದೆ. ಕಾರಣ ಸುಲಭ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಕ್ರ್ಯಾಂಕ್ (ಪಿಸ್ಟನ್ ಓಟದಿಂದ ತಿರುಗುವ ದಂಡ) ನಿಧಾನವಾಗುತ್ತದೆ. ಚೈನ್ ಒಂದು ಕಡೆ ಬಿಗಿಯಾಗಿದ್ದದ್ದು ಸಡಿಲವಾಗಿ ಗೋಡೆಗೆ ಬಡಿಯುತ್ತದೆ.

ಈ ಚೈನ್ ಏನು ಮಾಡುತ್ತದೆ ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಹಿಂದಿನ ಚಕ್ರದ ಚೈನ್ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಇದು ಇಂಜಿನ್ ಒಳಗೆ ಆಯಿಲ್‌ನಲ್ಲಿ ಓಡುವ ಸಣ್ಣ ಚೈನ್. ಕ್ರ್ಯಾಂಕ್‌ನಿಂದ ಹೆಡ್ಡಿನಲ್ಲಿರುವ, ವಾಲ್ವ್ ತೆರೆಯುವ ಕ್ಯಾಮ್‌ಗೆ ತಿರುಗುವ ಶಕ್ತಿ ಒಯ್ಯುತ್ತದೆ. ಮೇಲಿನ ಸ್ಪ್ರಾಕೆಟ್‌ಗೆ ಕೆಳಗಿನದರ ಎರಡರಷ್ಟು ಹಲ್ಲು. ಅದಕ್ಕೇ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದೆಲ್ಲ ಈ ಚೈನ್ ಮೇಲೆ ನಿಂತಿದೆ. ತೀರಾ ಸಡಿಲವಾದರೆ ಹಲ್ಲು ಹಾರುತ್ತದೆ. ಆಗ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಶಕ್ತಿ ಇರುವುದಿಲ್ಲ. ಕೆಟ್ಟ ಗಳಿಗೆಯಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು. ಸದ್ದು ತಾನೇ, ಓಡಿಸೋಣ ಬಿಡು ಅನ್ನುವವರು ಇದನ್ನು ಯೋಚಿಸಬೇಕು. ಹಳೆಯ ಬುಲೆಟ್ ಇರುವವರಿಗೆ ಈ ಚಿಂತೆ ಇಲ್ಲ, ಅದರಲ್ಲಿ ಗೇರ್ ಮತ್ತು ಪುಶ್ ರಾಡ್. ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕ್, ಅದರ ಹೆಡ್ಡಿನಲ್ಲಂತೂ ಇಂಥ ವಾಲ್ವೇ ಇಲ್ಲ.

ಬಿಚ್ಚುವ ಕೆಲಸಕ್ಕೆ ಬರೋಣ. ಮೊದಲು ಟ್ಯಾಪೆಟ್. ಕ್ರ್ಯಾಂಕ್ ತುದಿಯಲ್ಲಿರುವ ಮ್ಯಾಗ್ನೆಟ್ ಚಕ್ರದ ಮೇಲಿನ ‘ಟಿ’ ಗುರುತು ಕೂಡಿಸಿ, ಎರಡೂ ವಾಲ್ವ್ ಮುಚ್ಚಿವೆ ಅಂತ ಖಾತ್ರಿ ಮಾಡಿಕೊಂಡು, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದರು. ಸೈಲೆನ್ಸರ್ ಕಡೆಯ ವಾಲ್ವಿನಲ್ಲಿ ಅತಿ ತೆಳ್ಳನೆಯ ಎಲೆಯೂ ಒಳಗೆ ಹೋಗಲಿಲ್ಲ. ಸದ್ದು ಮುಚ್ಚಲು ಯಾರೋ ಪೂರ್ತಿ ಬಿಗಿದಿದ್ದರು. ಅಷ್ಟು ಬಿಗಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಹಾಗೇ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗದಿದ್ದ ಕಾರಣ ಅಲ್ಲೇ ಸಿಕ್ಕಿತು. ಇಂಥದ್ದನ್ನು ಕೈ ಅಂದಾಜಿನಲ್ಲಿ ಮಾಡುವುದು ನನಗೆ ಒಪ್ಪಿಗೆಯಾಗದ ಮಾತು. ಒಂದು ಫೀಲರ್ ಗೇಜ್ ಎಷ್ಟು ದುಡ್ಡಿನದು? ಎಲ್ಲ ಗ್ಯಾರೇಜಿನಲ್ಲೂ ಇರಬೇಕಾದ ವಸ್ತು.

ಆಮೇಲೆ ಇಂಜಿನ್ ಎಡಗಡೆ ತಳದಲ್ಲಿರುವ 14ರ ಬೋಲ್ಟ್ ಬಿಚ್ಚಿದರು. ಸ್ಪ್ಲೆಂಡರ್‌ನಲ್ಲಿ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಇರುವುದು ಅಲ್ಲಿ. ಆಯಿಲ್ ಜೊತೆಗೆ ಸ್ಪ್ರಿಂಗ್ ಹೊರಗೆ ಬಂತು, ಅದರ ಹಿಂದೆ ಪುಶ್ ರಾಡ್. ಈ ರಾಡ್ ಒಂದು ತೋಳನ್ನು ತಳ್ಳುತ್ತದೆ, ತೋಳಿನ ತುದಿಯ ರೋಲರ್ ಚೈನನ್ನು ಒತ್ತಿ ಹಿಡಿಯುತ್ತದೆ. ಸ್ಪ್ರಿಂಗ್ ಕೆಳಗಿನಿಂದ ಇನ್ನೊಂದು ವಸ್ತು ಬಿತ್ತು. ಕಬ್ಬಿಣದ ವಾಷರ್. ಮೇಸ್ತ್ರಿ ಅದನ್ನು ಒರೆಸಿ ನನ್ನ ಅಂಗೈ ಮೇಲಿಟ್ಟರು. "ಇದು ಕಂಪನಿದಲ್ಲ ಡಾಕ್ಟ್ರೇ. ಯಾವಾಗಲೋ ಯಾರೋ ಹಾಕಿದ್ದಾರೆ." ಸ್ಪ್ರಿಂಗ್ ಸೋತಾಗ ಕೆಳಗೆ ವಾಷರ್ ಕೊಟ್ಟರೆ ಒತ್ತಡ ಜಾಸ್ತಿಯಾಗಿ ಸದ್ದು ಸ್ವಲ್ಪ ದಿನ ನಿಲ್ಲುತ್ತದೆ. ಆದರೆ ಹಿಗ್ಗಿದ ಚೈನ್ ಹಿಗ್ಗಿದ ಹಾಗೇ ಇರುತ್ತದೆ. ಜೊತೆಗೆ ರಾಡ್ ತುದಿಯ ರಬ್ಬರ್, ರೋಲರ್ ಎರಡೂ ಬೇಗ ಸವೆಯುತ್ತವೆ. ನನ್ನ ಬೈಕಿನಲ್ಲಿ ಆ ರಬ್ಬರ್ ಗಟ್ಟಿಯಾಗಿ ಒಂದು ಕಡೆ ತಿಂದುಹೋಗಿತ್ತು. ಹೊಸ ಸ್ಪ್ರಿಂಗನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರು, ಹಳೆಯದು ಕಣ್ಣಿಗೆ ಕಾಣುವಷ್ಟು ಗಿಡ್ಡ.

ಇಷ್ಟಕ್ಕೇ ಸ್ಪ್ರಿಂಗ್, ರಾಡ್ ಹಾಕಿ ಕಳಿಸಬಹುದಿತ್ತು. ನಾನೂ ಅದನ್ನೇ ಕೇಳಿದೆ. ಅವರು ಒಪ್ಪಲಿಲ್ಲ. ಹಳೆಯ ಚೈನಿಗೆ ಹೊಸ ಟೆನ್ಷನರ್ ಕೊಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಬರುತ್ತೀರಿ, ಆಗ ನನ್ನ ಹೆಸರು ಕೆಡುತ್ತದೆ ಅಂದರು. ಎಡಗಡೆ ಕವರ್ ತೆಗೆದು, ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದರು. ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರನ್ನು ನೋಡಿದ್ದೇನೆ, ಇಲ್ಲಿ ಅದು ಇಲ್ಲ. ಸಿಲಿಂಡರ್ ನಡುವೆ ಇರುವ ಗೈಡ್ ರೋಲರ್ ಬದಲಿಸಲು ಹೆಡ್ ಕೂಡ ಬಿಚ್ಚಿದರು. ಆ ರೋಲರ್ ಮೇಲೆ ಚೈನ್ ಓಡಿ ಓಡಿ ಎರಡು ಗೀರು ಆಳವಾಗಿ ಬಿದ್ದಿದ್ದವು. ಉಗುರು ಇಟ್ಟರೆ ಉಗುರು ಒಳಗೆ ಕೂರುತ್ತಿತ್ತು. ರಬ್ಬರ್ ಅನ್ನುವ ಮೆದುತನವೇ ಉಳಿದಿರಲಿಲ್ಲ.

ಹೆಡ್ ಬಿಚ್ಚಿದ್ದಕ್ಕೆ ಇನ್ನೊಂದು ಲಾಭ ಆಯಿತು. ಪಿಸ್ಟನ್ ಕೆಳಗಿಳಿಸಿ ಸಿಲಿಂಡರ್ ಒಳಗೆ ಟಾರ್ಚ್ ಬಿಟ್ಟು ತೋರಿಸಿದರು. ಗೋಡೆಯ ಮೇಲೆ ಹೋನಿಂಗ್ (ಒಳಗೋಡೆ ಉಜ್ಜುವ ಕೆಲಸ) ಮಾಡಿದಾಗಿನ ಅಡ್ಡಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದವು. ಮೇಲಿನ ಅಂಚಿನಲ್ಲಿ ಬೆರಳಾಡಿಸಿದರೆ ಮೆಟ್ಟಿಲು ಸಿಗಲಿಲ್ಲ. ಹೊಗೆಯೂ ಬರುತ್ತಿರಲಿಲ್ಲ. ಬೋರ್ ಕೆಲಸ ಬೇಕೇ ಇರಲಿಲ್ಲ. ಬೇಡದ ಕೆಲಸ ಬೇಡ ಅಂತ ಹೇಳುವ ಮೆಕ್ಯಾನಿಕ್ ಸಿಕ್ಕಿದ್ದಕ್ಕೆ ಆ ಗಳಿಗೆಯಲ್ಲಿ ನನಗೆ ಆದ ಸಮಾಧಾನ ದೊಡ್ಡದು.

ಚೈನ್ ಪರೀಕ್ಷೆ ಮಾತ್ರ ಮರೆಯುವ ಹಾಗಿಲ್ಲ. ಹಳೆಯ ಚೈನ್ ತೊಳೆದು, ಒಣಗಿಸಿ, ಗೋಡೆಯ ಒಂದೇ ಮೊಳೆಗೆ ಹೊಸದರ ಜೊತೆ ನೇತುಹಾಕಿದರು. ಹಳೆಯದು ಕೆಳಗೆ ಒಂದು ಬೆಂಕಿಕಡ್ಡಿ ದಪ್ಪದಷ್ಟು ಹೆಚ್ಚು ಇಳಿದಿತ್ತು. ಇಷ್ಟೇನಾ ಅನ್ನಿಸಿತು. ಆದರೆ ಸುತ್ತಾಗಿ ನೇತುಹಾಕಿದಾಗ ಕಾಣುವುದು ಹಿಗ್ಗಿದ್ದರಲ್ಲಿ ಅರ್ಧ ಮಾತ್ರ. ಇನ್ನೊಂದು ತೋರಿಸಿದರು. ಚೈನನ್ನು ಅಡ್ಡ ಮಲಗಿಸಿ ಒಂದು ತುದಿ ಹಿಡಿದು ಎತ್ತಿದರೆ ಹೊಸದು ಹೆಚ್ಚುಕಡಿಮೆ ನೇರವಾಗಿ ನಿಂತಿತು, ಹಳೆಯದು ಪಕ್ಕಕ್ಕೆ ಬಾಗಿ ಜೋತುಬಿತ್ತು. ಚೈನ್ ಹಿಗ್ಗುವುದು ಅಂದರೆ ಕಬ್ಬಿಣ ಎಳೆದು ಉದ್ದವಾಗುವುದಲ್ಲ. ಪ್ರತಿ ಕೊಂಡಿಯ ಪಿನ್ ಸವೆದು, ಆ ಚೂರು ಚೂರು ಸಡಿಲವೆಲ್ಲ ಸೇರಿ ಉದ್ದ ಕಾಣುತ್ತದೆ. ಕೊಳೆ ಆಯಿಲ್‌ನಲ್ಲಿ ಓಡಿಸಿದರೆ ಇದು ಬೇಗ ಆಗುತ್ತದೆ. ಇಷ್ಟು ವರ್ಷ ಮಣ್ಣು ರಸ್ತೆಯಲ್ಲಿ ದುಡಿದ ಇಂಜಿನ್‌ಗೆ ಇದು ಸಹಜವಾದ ಸವೆತ, ಬೈಕಿನ ಮೇಲೆ ತಪ್ಪು ಹೊರಿಸುವಂಥದ್ದಲ್ಲ.

ಮೇಲಿನ ಸ್ಪ್ರಾಕೆಟ್ ಹಲ್ಲು ಚೂಪಾಗಿತ್ತು, ಬದಲಿಸಿದರು. ಕೆಳಗಿನದನ್ನು ಭೂತಗನ್ನಡಿ ಹಿಡಿದು ನೋಡಿ ಚೆನ್ನಾಗಿದೆ ಅಂತ ಬಿಟ್ಟರು. ಜೋಡಿಸುವಾಗ ಅಂಗಡಿಯಲ್ಲಿ ಮಾತಿಲ್ಲ. ಫೋನ್ ಬಂದರೂ ಎತ್ತಲಿಲ್ಲ. ಮ್ಯಾಗ್ನೆಟ್‌ನ ‘ಟಿ’ ಗುರುತು ಕೇಸಿನ ಗುರುತಿಗೆ, ಮೇಲಿನ ಸ್ಪ್ರಾಕೆಟ್‌ನ ‘ಓ’ ಗುರುತು ಹೆಡ್ಡಿನ ಕಚ್ಚಿಗೆ. ಕೂಡಿದ ಮೇಲೆ ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಹಾಕಿ, ಎಡಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಕೈಯಲ್ಲೇ ಎರಡು ಸುತ್ತು ನಿಧಾನವಾಗಿ ತಿರುಗಿಸಿದರು. ಎಲ್ಲೂ ತಡೆ ಸಿಗಲಿಲ್ಲ. ಗುರುತು ಎರಡೂ ಮತ್ತೆ ಅಲ್ಲೇ ಬಂದು ಕೂತವು. ಆಮೇಲೆ ನನಗೂ ನೋಡಲು ಹೇಳಿದರು. ಹೆಡ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದರು. ಶೀಟಿನ ಗ್ಯಾರೇಜಿನಲ್ಲಿ ಟಾರ್ಕ್ ವ್ರೆಂಚ್ ನೋಡಿ ಖುಷಿಯಾಯಿತು. ಹೆಡ್ ಗ್ಯಾಸ್ಕೆಟ್ ಹೊಸದು, ಟ್ಯಾಪೆಟ್ ಗೇಜ್ ಹಾಕಿ ಸೆಟ್ಟಿಂಗ್, ಕೊನೆಗೆ 10ಡಬ್ಲ್ಯು30 ಆಯಿಲ್.

ಅದೇ ಹೊತ್ತಿಗೆ ಒಬ್ಬರು 150 ಸಿಸಿ ಬೈಕ್ ತಂದಿದ್ದರು, ಅದೂ ಚೈನ್ ಸದ್ದೇ. ಆ ಬೈಕಿನ ಟೆನ್ಷನರ್ ಸಿಲಿಂಡರ್ ಹಿಂಭಾಗದಲ್ಲಿ ಎರಡು ಬೋಲ್ಟಿನಲ್ಲಿ ಕೂತಿರುತ್ತದೆ. ಹುಡುಗ ಅದನ್ನು ಬಿಚ್ಚಿ ತಂದ. ಮೇಸ್ತ್ರಿ ಅದರ ಕಡ್ಡಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಸಲೀಸಾಗಿ ಒಳಗೆ ಹೋಯಿತು. ಒತ್ತಿದರೆ ಹಿಂದೆ ಹೋಗಬಾರದು, ಹೋದರೆ ಅದರ ಕಥೆ ಮುಗಿದ ಹಾಗೆ. ಅಲ್ಲಿ ಚೈನ್ ಚೆನ್ನಾಗಿತ್ತು, ಟೆನ್ಷನರ್ ಒಂದನ್ನೇ ಬದಲಿಸಿ ಕಳಿಸಿದರು. ನನಗೆ ಪೂರ್ತಿ ಕೆಲಸ, ಅವರಿಗೆ ಒಂದೇ ಸಾಮಾನು. ಎಲ್ಲರಿಗೂ ಒಂದೇ ಮದ್ದು ಹಚ್ಚುವ ಅಭ್ಯಾಸ ಇಲ್ಲಿಲ್ಲ.

ಖರ್ಚು: ಚೈನ್ ಕಿಟ್, ಸ್ಪ್ರಾಕೆಟ್, ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 2,500 ರೂಪಾಯಿ ಒಳಗೇ ಮುಗಿಯಿತು. ಬೋರ್ ಕೆಲಸಕ್ಕೆ ಕೇಳಿದ್ದರ ಅರ್ಧವೂ ಅಲ್ಲ. ಸಾಮಾನು ಒರಿಜಿನಲ್ ಮಾತ್ರ ಹಾಕುತ್ತಾರೆ. ಪೊಟ್ಟಣ ನಿಮ್ಮ ಎದುರಿಗೇ ಒಡೆಯುತ್ತಾರೆ, ತೆಗೆದ ಹಳೆಯ ಸಾಮಾನೆಲ್ಲ ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಅಗ್ಗದ ಕಿಟ್ ನೀವೇ ತಂದುಕೊಟ್ಟರೆ ಹಾಕಲ್ಲ ಅನ್ನುತ್ತಾರೆ. ಕೆಲವರಿಗೆ ಇದು ದರ್ಪ ಅನ್ನಿಸಬಹುದು. ನನಗೆ ಸರಿ ಅನ್ನಿಸಿತು. ಅದೇ ಚೈನಿಗಾಗಿ ಇಂಜಿನನ್ನು ಎರಡು ಸಲ ಬಿಚ್ಚಿಸುವ ಕೂಲಿಗೆ ಹೋಲಿಸಿದರೆ ಒಳ್ಳೆಯ ಕಿಟ್‌ನ ದುಡ್ಡು ದೊಡ್ಡದಲ್ಲ.

ಈಗ ಬೈಕ್ ಬೆಳಗ್ಗೆ ಒಂದೇ ಕಿಕ್‌ಗೆ ಎದ್ದು ನಿಲ್ಲುತ್ತದೆ. ಎಡಗಡೆ ಗರಗರ ಪೂರ್ತಿ ಹೋಗಿದೆ. ಟ್ಯಾಪೆಟ್‌ನ ಸಣ್ಣ ಟಿಕ್ ಟಿಕ್ ಇದೆ. ಅದು ಇರಲೇಬೇಕು, ಸಂದು ಇಲ್ಲದಿದ್ದರೇ ಭಯ ಅಂತ ಅವರೇ ಹೇಳಿದ್ದರು. ಸ್ವಲ್ಪ ದಿನ ಓಡಿಸಿದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಬೇಕು ಬನ್ನಿ ಅಂದಿದ್ದರು. ಹೋದಾಗ ಗೇಜ್ ಹಾಕಿ ನೋಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಕೊರತೆಗಳೂ ಇವೆ. ಕೂರಲು ಒಂದು ಬೆಂಚ್ ಇಲ್ಲ. ಹೆಂಗಸರು, ವಯಸ್ಸಾದವರು ಬಂದರೆ ನಿಂತೇ ಕಾಯಬೇಕು. ಇದನ್ನು ಮೇಸ್ತ್ರಿಗೆ ಮುಖಕ್ಕೇ ಹೇಳಿದ್ದೇನೆ. ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತಾರೆ, ಅಷ್ಟೇ. ಇವತ್ತು ಸಂಜೆಗೆ ಅಂದರೆ ನಾಳೆ ಮಧ್ಯಾಹ್ನಕ್ಕೆ ಅಂತ ಲೆಕ್ಕ ಇಟ್ಟುಕೊಳ್ಳಿ. ನನ್ನ ಕೆಲಸವೂ ಹೇಳಿದ್ದಕ್ಕಿಂತ ತಡವಾಯಿತು, ಗ್ಯಾಸ್ಕೆಟ್ ಹಾಸನದಿಂದ ಬರಬೇಕಿತ್ತು. ಫೋನ್ ಮಾಡಿ ಕೇಳೋಣ ಅಂದರೆ ಎತ್ತುವುದಿಲ್ಲ. ವೈರಿಂಗ್ ಕೆಲಸ ಮುಟ್ಟುವುದಿಲ್ಲ, ಹೊಸ ಫ್ಯುಯೆಲ್ ಇಂಜೆಕ್ಷನ್ ಬೈಕ್‌ಗಳ ಸೆನ್ಸರ್ ತೊಂದರೆಗೆ ಶೋರೂಮಿಗೇ ಹೋಗಿ ಅನ್ನುತ್ತಾರೆ.

ಹೋಗುವವರು ಹಿಂದಿನ ಸಂಜೆಯೇ ಬೈಕ್ ಬಿಟ್ಟು ಬನ್ನಿ. ಆಯಿಲ್ ಯಾವಾಗ ಹಾಕಿಸಿದ್ದು, ಮೊದಲು ಯಾರು ಏನು ಬಿಚ್ಚಿದ್ದರು, ಸದ್ದು ಯಾವ ಸ್ಪೀಡಿನಲ್ಲಿ ಬರುತ್ತದೆ ಅನ್ನುವುದನ್ನೆಲ್ಲ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ. ಅಮಾವಾಸ್ಯೆ ದಿನ ಅಂಗಡಿ ಬಾಗಿಲು ತೆಗೆಯುವುದಿಲ್ಲ.